ಟೀಚರ್ ಬರೆದಿಟ್ಟ ಧಾರಾವಾಹಿ

ನಾನು ಒಂದು ಟಿವಿ ಧಾರಾವಾಹಿಯಲ್ಲಿ ಕಂಟಿನ್ಯೂಟಿ ನೋಡಿಕೊಳ್ಳುವವಳು. ಇದು ಎಂಥ ಕೆಲಸ ಎಂದು ಕೇಳುವವರಿಗೆ ಸಾಮಾನ್ಯವಾಗಿ ಒಂದು ಬಾಗಿಲಿನ ಉದಾಹರಣೆ ಕೊಡುತ್ತೇನೆ. ಸೊಸೆ ಹೊರಗಿನಿಂದ ಬಾಗಿಲು ತಳ್ಳುವುದನ್ನು ಇವತ್ತು ಚಿತ್ರೀಕರಿಸುತ್ತೇವೆ. ಅವಳು ಒಳಗೆ ಬಂದು ಅತ್ತೆಯ ಎದುರು ನಿಲ್ಲುವುದನ್ನು ಮುಂದಿನ ವಾರ, ಅತ್ತೆಯ ಪಾತ್ರದವರು ಬಿಡುವಾಗಿ ಸಿಕ್ಕಿದಾಗ. ನೋಡುವವರಿಗೆ ಎರಡರ ನಡುವೆ ಇರುವುದು ಒಂದು ಹೆಜ್ಜೆ ಮಾತ್ರ. ಆ ಒಂದು ಹೆಜ್ಜೆಯಲ್ಲಿ ಅವಳ ಸೀರೆ, ಬಳೆ, ಹಣೆಯ ಬೊಟ್ಟು, ಕೈಯಲ್ಲಿದ್ದ ಚೀಲ, ಮುಡಿದ ಮಲ್ಲಿಗೆಯ ಉದ್ದ ಬದಲಾಗಬಾರದು. ಬದಲಾಗದಂತೆ ನೋಡುವುದು ನನ್ನ ಕೆಲಸ.

ಚಿತ್ರೀಕರಣ ನಡೆಯುವುದು ಕಾಪುವಿನ ಒಂದು ಹಳೆಯ ಮನೆಯಲ್ಲಿ. ಆ ಮನೆಯ ಅಂಗಳದಲ್ಲಿ, ನನ್ನ ಕಣ್ಣೆದುರಿಗೆ, ಒಬ್ಬ ಟೀಚರ್ ತಮ್ಮ ಮಾತಿಗಿದ್ದ ಬೆಲೆಯನ್ನು ಬಿಟ್ಟುಕೊಡಬೇಕಾಯಿತು. ಅವರ ಬಳಿ ಕಳೆದುಕೊಳ್ಳಲು ಬೇರೇನೂ ಇರಲಿಲ್ಲ, ತಾನು ಬರೆದದ್ದು ಸರಿ ಎಂದು ಜನ ನಂಬುತ್ತಾರೆ ಎನ್ನುವುದೊಂದೇ ಇತ್ತು. ಅದು ಹೇಗೆ ಹೋಯಿತು ಎನ್ನುವುದನ್ನು ಕಂಡ ಕ್ರಮದಲ್ಲೇ ಬರೆಯಲು ಪ್ರಯತ್ನಿಸುತ್ತೇನೆ.

ಮಣಿಪಾಲದಲ್ಲಿ ಓದುವಾಗಲೇ ನನಗೆ ತೆರೆಯ ಹಿಂದಿನ ಸಂಗತಿಗಳ ಹುಚ್ಚು. ಕಥೆಗಿಂತ ಕಥೆಯನ್ನು ಹೇಗೆ ಕಟ್ಟಿದರು ಎನ್ನುವುದೇ ನನಗೆ ಬೇಕು. ಅದಕ್ಕೆಂದೇ ಅಭಿಮಾನಿಗಳು ನಡೆಸುವ ವೆಬ್‌ಸೈಟುಗಳಿದ್ದವು. ಯಾವುದೋ ದೇಶದ ಯಾರೋ ಒಬ್ಬರು ಒಂದು ಸಿನಿಮಾದ ಮಳೆ ನಿಜವಾದದ್ದೋ ಪೈಪಿನದ್ದೋ ಎಂದು ನೆಲದ ಮೇಲೆ ಬಿದ್ದ ಹನಿಗಳನ್ನು ನೋಡಿ ವಾದಿಸುತ್ತಿದ್ದರು. ಇನ್ನೊಬ್ಬರು ಒಂದೇ ಗೋಡೆಯನ್ನು ಬಣ್ಣ ಬದಲಿಸಿ ಎಷ್ಟು ಮನೆಗಳಾಗಿ ತೋರಿಸಿದ್ದಾರೆ ಎಂದು ಹುಡುಕುತ್ತಿದ್ದರು. ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನಾನು ಇದನ್ನೆಲ್ಲ ಓದುತ್ತಿದ್ದೆ. ಗೆಳತಿಯರು ಕೇಳಿದರೆ ನೋಟ್ಸ್ ನೋಡುತ್ತಿದ್ದೇನೆ ಎನ್ನುತ್ತಿದ್ದೆ. ನಟನಟಿಯರ ಮೇಲೆ ಹುಚ್ಚಿದ್ದರೆ ಹೇಳಿಕೊಳ್ಳಬಹುದು. ಗೋಡೆಯ ಮೇಲೆ ಹುಚ್ಚು ಎಂದು ಹೇಗೆ ಹೇಳುವುದು?

ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ನಮ್ಮ ಧಾರಾವಾಹಿಯ ಹೆಸರನ್ನು ಹುಡುಕುವಾಗ ಅಂಥದ್ದೇ ಒಂದು ಸೈಟು ಸಿಕ್ಕಿತು. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಒಂದೇ ಒಂದು ಫೋಟೊ ಇಲ್ಲ. ನಟಿಯ ಮದುವೆ, ನಟನ ಜಗಳ, ಅಂಥದ್ದೊಂದೂ ಇಲ್ಲ. ಮೇಲೆ ಒಂದು ಸಾಲು: "ನೋಡಿದ್ದನ್ನು ಮಾತ್ರ ಬರೆದಿದೆ." ಕೆಳಗೆ ಮೂರು ಪುಟಗಳ ಕೊಂಡಿ. ಒಂದು ಮನೆಯದ್ದು: ನಮ್ಮ ಕಾಪುವಿನ ಮನೆಯ ನಕ್ಷೆಯನ್ನು ಯಾರೋ ಒಳಗೆ ಕಾಲಿಡದೆಯೇ, ದೃಶ್ಯಗಳನ್ನು ನೋಡಿ ನೋಡಿಯೇ ಬಿಡಿಸಿದ್ದರು. ಇನ್ನೊಂದು ಸೀರೆಗಳದ್ದು: ಯಾವ ಸಂಚಿಕೆಯಲ್ಲಿ ಯಾರು ಎಂಥದ್ದು ಉಟ್ಟಿದ್ದರು, ಅಂಚು ಯಾವುದು, ಬಳೆ ಗಾಜಿನದ್ದೋ ಲೋಹದ್ದೋ. ಮೂರನೆಯದು ತಪ್ಪುಗಳದ್ದು.

ತಪ್ಪುಗಳ ಪುಟವನ್ನು ನಾನು ಹೆದರಿಕೊಂಡೇ ತೆರೆದೆ. ಬೇರೆ ಸೈಟುಗಳಲ್ಲಿ ಆ ಪುಟವೆಂದರೆ ಗೇಲಿಯ ಜಾಗ. ಇಲ್ಲಿ ಗೇಲಿ ಇರಲಿಲ್ಲ. ಒಂದು ಸಾಲು ನನಗೆ ಬಾಯಿಪಾಠವಾಗಿದೆ: "ಇದು ಬೆಳಗಿನ ದೃಶ್ಯ ಎಂದು ಹೇಳಲಾಗಿದೆ. ಸೂರ್ಯ ಸಮುದ್ರದ ಮೇಲಿದ್ದಾನೆ. ಕಾಪುವಿನಲ್ಲಿ ಅದು ಸಂಜೆ." ಅಷ್ಟೇ. ನಾನು ಬಸ್ಸಿನಲ್ಲಿದ್ದೆ, ಪರ್ಕಳದ ನನ್ನ ಬಾಡಿಗೆ ಕೋಣೆಗೆ ಹೋಗುತ್ತಿದ್ದೆ. ಒಬ್ಬಳೇ ನಕ್ಕೆ. ಆಮೇಲೆ ಆ ಪುಟದಲ್ಲಿ ನನ್ನ ಕಾಲದ ತಪ್ಪುಗಳನ್ನೂ ಕಂಡೆ. ಒಂದು ಕಾಫಿ ಲೋಟ, ಒಂದು ತಿರುಗಿ ನಿಂತ ಗಡಿಯಾರ. ಬೈಗುಳವಾಗಿದ್ದರೆ ಫೋನು ಮುಚ್ಚಿಡುತ್ತಿದ್ದೆ. ಇದು ಬೈಗುಳವಲ್ಲ. ಯಾರೋ ನನ್ನ ಕೆಲಸವನ್ನು ನನ್ನಷ್ಟೇ ಹತ್ತಿರ ಕುಳಿತು ನೋಡುತ್ತಿದ್ದರು.

ನನಗಿಂತ ಮೊದಲು ಈ ಕೆಲಸದಲ್ಲಿದ್ದವಳು ಮದುವೆಯಾಗಿ ದುಬೈಗೆ ಹೋಗಿದ್ದಳು. ಸೀರೆ, ಬಳೆ, ಕೋಣೆಗಳ ಫೋಟೊಗಳೆಲ್ಲ ಅವಳ ಹಳೆಯ ಫೋನಿನಲ್ಲಿದ್ದವು, ಆ ಫೋನು ನೀರಿಗೆ ಬಿದ್ದಿತ್ತು. ಪ್ರಸಾರವಾದ ಸಂಚಿಕೆಗಳು ಚಾನೆಲಿನ ಆ್ಯಪಿನಲ್ಲಿ ಇರುತ್ತವೆ, ನಿಜ. ಆದರೆ ಹಸಿರು ಅಂಚಿನ ಸೀರೆ ಯಾವ ಸಂಚಿಕೆಯದ್ದು ಎಂದು ಆ್ಯಪು ಹೇಳುವುದಿಲ್ಲ. ಆ ಸೈಟು ಹೇಳುತ್ತದೆ. ಹಾಗೆ ಮೊದಲು ಒಮ್ಮೆ ನೋಡಿದೆ, ಸರಿಯಿತ್ತು. ಮತ್ತೊಮ್ಮೆ ನೋಡಿದೆ, ಆಗಲೂ ಸರಿಯಿತ್ತು. ಕೆಲವೇ ತಿಂಗಳಲ್ಲಿ ನಿರ್ದೇಶಕರೇ, "ಆ ಸೈಟಲ್ಲಿ ಏನಿದೆ ನೋಡಮ್ಮ" ಎಂದು ಕೇಳುವಲ್ಲಿಗೆ ಬಂತು. ಅವರು ಬೆಂಗಳೂರಿನವರು. ಧಾರಾವಾಹಿಯನ್ನು ತೆಗೆಯುವ ನಾವು ಅದನ್ನು ನೋಡುವ ಒಬ್ಬರು ಬರೆದಿಟ್ಟದ್ದನ್ನು ನೋಡಿ ತೆಗೆಯುತ್ತಿದ್ದೆವು. ಇದು ವಿಚಿತ್ರ ಎಂದು ಆಗ ನಮಗೆ ಯಾರಿಗೂ ಅನ್ನಿಸಲಿಲ್ಲ.

ಬ್ಯಾಂಡೇಜಿನ ವಿಷಯ ಆದದ್ದು ಹೀಗೆ. ಕಥೆಯಲ್ಲಿ ಮನೆಯ ಹಿರಿಮಗನಿಗೆ ಅಪಘಾತವಾಗುತ್ತದೆ. ಆಸ್ಪತ್ರೆಯ ದೃಶ್ಯವನ್ನು ಮನೆಯ ಹಿಂದಿನ ಕೋಣೆಗೆ ಬಣ್ಣ ಬಳಿದು ತೆಗೆದೆವು. ಅವತ್ತು ನನಗೆ ಜ್ವರ, ನಾನು ಬಂದಿರಲಿಲ್ಲ. ಆ ನಟ ಇನ್ನೊಂದು ಧಾರಾವಾಹಿಗೆ ಹೋದರು, ಹಲವು ದಿನ ಬಿಟ್ಟು, ಆಸ್ಪತ್ರೆಯ ಸಂಚಿಕೆ ಪ್ರಸಾರವಾದ ಮೇಲೆ ವಾಪಸು ಬಂದರು. ಮೇಕಪ್ಪಿನವರು ಬ್ಯಾಂಡೇಜು ಬಟ್ಟೆ ಹಿಡಿದು ನಿಂತು ಕೇಳಿದರು: "ಯಾವ ಕೈ?"

ನಟ ತನ್ನ ಎರಡೂ ಕೈಗಳನ್ನು ನೋಡಿಕೊಂಡರು. "ನೆನಪಿಲ್ಲ. ಅಲ್ಲಿ ನನಗೆ ಕಾಲು ಮುರಿದಿದೆ" ಎಂದರು. ಎಲ್ಲರೂ ನಕ್ಕರು. ನಾನು ಆ್ಯಪು ತೆರೆದೆ. ಆ ಮನೆಯೊಳಗೆ ನೆಟ್‌ವರ್ಕ್ ಕಡಿಮೆ, ವಿಡಿಯೊ ಸುತ್ತುತ್ತಲೇ ಇತ್ತು. ಸೈಟು ತೆರೆದೆ, ಅದರಲ್ಲಿ ಅಕ್ಷರ ಮಾತ್ರವಾದ್ದರಿಂದ ಕೂಡಲೇ ಬಂತು. "ಎಡಗೈ, ಮಣಿಕಟ್ಟಿನಿಂದ ಮೊಣಕೈವರೆಗೆ." ನಾನು ಎಡ ಎಂದೆ. ಎಡಗೈಗೆ ಕಟ್ಟಿದರು.

ಪ್ರಸಾರವಾದದ್ದು ಶುಕ್ರವಾರ. ಆಸ್ಪತ್ರೆಯಲ್ಲಿ ಬಲಗೈಗೆ ಕಟ್ಟಿದ್ದ ಬ್ಯಾಂಡೇಜು ಮನೆಗೆ ಬರುವಾಗ ಎಡಗೈಯಲ್ಲಿತ್ತು. ಶನಿವಾರ ಬೆಳಗಾಗುವುದರೊಳಗೆ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಜನ ಹಂಚಿಕೊಳ್ಳಲು ಶುರುಮಾಡಿದ್ದರು. "ಗಾಯ ನಡೆದುಕೊಂಡು ಆಚೆ ಕೈಗೆ ಹೋಯಿತಾ ಮಾರಾಯ್ರೇ?" "ಒಳ್ಳೆಯ ಆಸ್ಪತ್ರೆ, ವಿಳಾಸ ಕೊಡಿ." ಉಡುಪಿಯ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹುಡುಗಿಯರು ಅದನ್ನೇ ನೋಡಿ ನಗುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ.

ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಉಡುಪಿಯ ಬನ್ನಂಜೆ ಕಡೆಯವರು. ಕೆಟ್ಟ ಮನುಷ್ಯನಲ್ಲ. ಹೆದರಿದಾಗ ಮಾತ್ರ ಜೋರಾಗಿ ಮಾತಾಡುತ್ತಾರೆ. ಅವತ್ತು ಜೋರಾಗಿ ಮಾತಾಡಿದರು. "ಎಂತ ಮಾರಾಯ್ತಿ ಇದು? ಎಡ ಯಾವುದು ಬಲ ಯಾವುದು ಎಂದು ನಿನಗೆ ಅಂಗನವಾಡಿಯಲ್ಲಿ ಹೇಳಿಕೊಡಲಿಲ್ಲವಾ?"

ನಾನು ಫೋನು ತೆಗೆದು ಸೈಟು ತೋರಿಸಿದೆ. ಇದರಲ್ಲಿ ಎಡ ಎಂದು ಬರೆದಿತ್ತು, ನಿರ್ದೇಶಕರಿಗೂ ಗೊತ್ತಿತ್ತು ಎಂದೆ. ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಹಾಗಿದ್ದೂ ಆ ಹೊತ್ತಿನ ನನ್ನ ದನಿ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. ಶಾಲೆಯಲ್ಲಿ ಪಕ್ಕದವಳ ಕಡೆ ಬೆರಳು ತೋರಿಸುವ ಹುಡುಗಿಯ ದನಿ ಅದು.

ಮ್ಯಾನೇಜರ್ ಸೈಟನ್ನು ಓದುತ್ತಾ ಹೋದರು. ಓದುತ್ತಾ ಅವರ ದನಿ ಇಳಿಯಿತು. "ಇವರು ಯಾರು? ನಮ್ಮ ಮನೆಯ ಪ್ಲ್ಯಾನೇ ಹಾಕಿದ್ದಾರಲ್ಲ!" ಆಮೇಲೆ ಅವರಿಗೆ ಒಂದು ಉಪಾಯ ಹೊಳೆಯಿತು. ಜನ ನಗುತ್ತಿದ್ದಾರೆ, ನಗುವನ್ನು ನಾವೇ ಹಿಡಿದುಕೊಳ್ಳುವ. ಇವರನ್ನು ಸೆಟ್ಟಿಗೆ ಕರೆಸುವ. ಒಂದು ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, 'ನಮ್ಮ ತಪ್ಪು ಹಿಡಿಯುವವರಿಗೆ ನಮ್ಮದೇ ಸನ್ಮಾನ' ಎಂದು ವಿಡಿಯೊ ಹಾಕುವ. "ಒಳ್ಳೆಯದಾಗ್ತದೆ, ಅಲ್ವಾ?" ಎಂದು ನನ್ನನ್ನೇ ಕೇಳಿದರು. ನನಗೂ ಒಳ್ಳೆಯದೆಂದೇ ಅನ್ನಿಸಿತು. ಬರೆದು ಕರೆಸುವ ಕೆಲಸ ನನಗೇ ಬಂತು.

ಉತ್ತರ ಅದೇ ದಿನ ಬಂತು. ಅವರು ಕಾರ್ಕಳದ ಒಬ್ಬ ನಿವೃತ್ತ ಟೀಚರ್, ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಸನ್ಮಾನವೆಲ್ಲ ಬೇಡ, ಮನೆಯನ್ನು ಒಳಗಿನಿಂದ ಒಮ್ಮೆ ನೋಡಲು ಬಿಟ್ಟರೆ ಸಾಕು, ನಕ್ಷೆಯಲ್ಲಿ ಮೆಟ್ಟಿಲಿನ ಕೆಳಗಿನ ಜಾಗ ಸರಿಯಾಗಿ ತಿಳಿದಿಲ್ಲ ಎಂದು ಬರೆದಿದ್ದರು.

ಕಾಪುವಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಅವರನ್ನು ಎದುರುಗೊಂಡೆ. ತೆಳ್ಳಗೆ, ನೇರವಾಗಿ ನಿಲ್ಲುವ ಹೆಂಗಸು. ಹತ್ತಿಯ ಸೀರೆ, ಕುತ್ತಿಗೆಯಲ್ಲಿ ಸಣ್ಣ ಶಿಲುಬೆಯ ಸರ. ನನ್ನನ್ನು ಕಂಡ ಕೂಡಲೇ, "ನೀವಾ ಕಂಟಿನ್ಯೂಟಿ? ಎಷ್ಟು ಚಿಕ್ಕವಳು!" ಎಂದರು. ನಡೆಯುವಾಗ ನೀವು ಹೋಗಿ ನೀನು ಆಯಿತು. "ಆ ಗಡಿಯಾರ ತಿರುಗಿದ್ದು ಯಾಕೆ ಮಗಳೇ? ನಾನು ತುಂಬ ಯೋಚಿಸಿದೆ."

"ಲೈಟಿನವರು ಏಣಿ ತಾಗಿಸಿದರು ಟೀಚರ್."

"ಹೋ, ಏಣಿ!" ಅವರಿಗೆ ಬಹಳ ಖುಷಿಯಾಯಿತು. ದೊಡ್ಡ ಲೆಕ್ಕವೊಂದನ್ನು ಬಿಡಿಸಿದ ಹಾಗೆ ತಲೆಯಾಡಿಸುತ್ತಾ ನಡೆದರು.

ಮನೆಯೊಳಗೆ ಅವರು ಚಪ್ಪಲಿ ಬಿಟ್ಟು ಹೋದರು, ನಾವು ಯಾರೂ ಬಿಡುವುದಿಲ್ಲ. ಅಡುಗೆಮನೆಯ ಕಿಟಕಿ ಬರೀ ಚೌಕಟ್ಟು, ಹಿಂದೆ ಬಣ್ಣದ ಹಲಗೆ ಎಂದು ಅವರಿಗೆ ಮೊದಲೇ ಗೊತ್ತಿತ್ತು. "ಈ ಕಿಟಕಿಯ ಬೆಳಕು ಯಾವತ್ತೂ ಜಾಗ ಬದಲಿಸುವುದಿಲ್ಲ" ಎಂದರು. ಮೆಟ್ಟಿಲಿನ ಕೆಳಗೆ ಬಗ್ಗಿ ನೋಡಿದರು. ಅಲ್ಲಿ ವಯರು, ಹಳೆಯ ಚಾಪೆ, ಚಹಾದ ಫ್ಲಾಸ್ಕು. "ಇಷ್ಟೇಯಾ?" ಎಂದು ನಕ್ಕರು. ಮ್ಯಾನೇಜರ್ ಅವರ ಹಿಂದೆಯೇ ತಿರುಗುತ್ತಿದ್ದರು. "ಟೀಚರೇ, ನೀವು ನಮ್ಮಲ್ಲಿ ಕೆಲಸಕ್ಕೆ ಬಂದುಬಿಡಿ. ಇವಳನ್ನು ಕಾರ್ಕಳಕ್ಕೆ ಕಳುಹಿಸುವ, ಲೆಕ್ಕ ಕಲಿಸಲಿ." ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ. "ಇವಳ ಕೆಲಸ ಒಳ್ಳೆಯದುಂಟು" ಎಂದರು. ಅದನ್ನು ಇಲ್ಲಿ ಬರೆಯಲು ನನಗೆ ಕಷ್ಟವಾಗುತ್ತದೆ, ಆದರೆ ಅವರು ಹಾಗೆ ಹೇಳಿದ್ದು ನಿಜ.

ಅಂಗಳದಲ್ಲಿ ಕುರ್ಚಿ ಇಟ್ಟು ಶಾಲು ಹೊದಿಸಿದೆವು. ಹಿರಿಸೊಸೆಯ ಪಾತ್ರದವರು ಹಣ್ಣಿನ ತಟ್ಟೆ ಕೊಟ್ಟರು. ಕ್ಯಾಮೆರಾ ತಿರುಗುತ್ತಿತ್ತು. ನಿರ್ದೇಶಕರು ಮೆದುವಾಗಿ ಕೇಳಿದರು: "ಟೀಚರ್, ಎಲ್ಲ ಇಷ್ಟು ಕರೆಕ್ಟಾಗಿ ಬರೀತೀರಲ್ಲ, ಬ್ಯಾಂಡೇಜ್ ಒಂದು ಹೇಗೆ ತಪ್ಪಾಯ್ತು?"

ಟೀಚರ್ ಮುಂದಕ್ಕೆ ಬಾಗಿದರು. ಈ ಪ್ರಶ್ನೆಗೆ ಉತ್ತರ ಹೇಳಲೆಂದೇ ಕಾರ್ಕಳದಿಂದ ಬಂದ ಹಾಗಿತ್ತು. ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದರು. ತಾನು ಧಾರಾವಾಹಿಯನ್ನು ನೋಡುವುದು ಮರುದಿನ ಫೋನಿನಲ್ಲಿ, ಯಾರೋ ತುಂಡು ತುಂಡಾಗಿ ಹಾಕುವ ವಿಡಿಯೊಗಳಲ್ಲಿ. ಹಾಕುವವರು ಸಿಕ್ಕಿಬೀಳಬಾರದು ಎಂದು ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಹಾಕುತ್ತಾರೆ. ಮೊದಲ ದಿನವೇ ತನಗೆ ಗೊತ್ತಾಯಿತು, ಯಾಕೆಂದರೆ ಹೆಂಗಸರೆಲ್ಲರ ಸೆರಗು ಬಲ ಹೆಗಲಿನ ಮೇಲಿತ್ತು, ಎಲ್ಲರೂ ಎಡಗೈಯಲ್ಲಿ ಉಣ್ಣುತ್ತಿದ್ದರು. ಹಾಗಾಗಿ ಕಂಡದ್ದನ್ನು ಮನಸ್ಸಿನಲ್ಲೇ ತಿರುಗಿಸಿ ಬರೆಯುವ ಅಭ್ಯಾಸ. ಆಸ್ಪತ್ರೆಯ ದೃಶ್ಯವನ್ನು ಮಾತ್ರ ಹಾಕಿದವರು ತಿರುಗಿಸಿರಲಿಲ್ಲ. ಆ ದೃಶ್ಯದಲ್ಲಿ ಇದ್ದವರೆಲ್ಲ ಗಂಡಸರು. ಸೆರಗೂ ಇಲ್ಲ, ಊಟವೂ ಇಲ್ಲ. "ಪರೀಕ್ಷೆ ಮಾಡಲಿಕ್ಕೆ ಒಂದು ಗುರುತೂ ಇರಲಿಲ್ಲ. ಆದರೂ ನಾನು ತಿರುಗಿಸಿದೆ. ಅದು ನನ್ನ ತಪ್ಪು. ಗುರುತು ಇಲ್ಲದಿದ್ದರೆ 'ತಿಳಿಯದು' ಎಂದು ಬರೆಯಬೇಕಿತ್ತು."

ಇಷ್ಟು ಹೇಳಿ ತೃಪ್ತಿಯಿಂದ ಹಿಂದಕ್ಕೆ ಒರಗಿದರು. ಮ್ಯಾನೇಜರ್ ಕೈ ಎತ್ತಿ ಕ್ಯಾಮೆರಾ ನಿಲ್ಲಿಸಿದರು.

"ಟೀಚರೇ, ಇದು ಹೇಳಲಿಕ್ಕಿಲ್ಲ."

"ಯಾಕೆ?"

"ಅದು ಕದ್ದ ವಿಡಿಯೊ ಅಲ್ವಾ? ಚಾನೆಲಿನವರು ನೋಡಿದರೆ ನಮ್ಮನ್ನು ಉಳಿಸ್ತಾರಾ?"

ಟೀಚರ್ ಅವರ ಮುಖ ಹೇಗೆ ಬದಲಾಯಿತು ಎಂದು ಹೇಳಬೇಕೆಂದರೆ, ಅದು ನಿಧಾನವಾಗಿ ಬದಲಾಯಿತು. ಕದ್ದದ್ದು ಎಂಬ ಮಾತು ಅವರಿಗೆ ಹೊಸದಾಗಿರಲಿಕ್ಕಿಲ್ಲ. ಅದನ್ನು ಜನರ ಎದುರು, ಶಾಲು ಹೊದ್ದುಕೊಂಡು ಕೇಳಿದ್ದು ಹೊಸದು. ಆ್ಯಪಿನವರು ಕಾರ್ಡಿನ ನಂಬರು ಕೇಳುತ್ತಾರೆ, ತನಗೆ ಕಾರ್ಡಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದರು.

ಮ್ಯಾನೇಜರ್ ಸಮಾಧಾನದ ದನಿಯಲ್ಲಿ ದಾರಿ ತೋರಿಸಿದರು. ಬ್ಯಾಂಡೇಜಿನ ಮಾತೇ ಬೇಡ. ಪ್ರತಿದಿನ ಎಂಟು ಗಂಟೆಗೆ ಮನೆಯವರೊಟ್ಟಿಗೆ ಕುಳಿತು ಟಿವಿಯಲ್ಲಿ ನೋಡುತ್ತೇನೆ ಎಂದು ಒಂದು ಸಾಲು ಹೇಳಿದರೆ ಮುಗಿಯಿತು.

"ಎಂಟು ಗಂಟೆಗೆ ನಮ್ಮಲ್ಲಿ ತೇರ್ಸ್" ಎಂದರು ಟೀಚರ್. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆ ಎಲ್ಲರೂ ಮೊಣಕಾಲೂರಿ ಹೇಳುವ ಜಪಮಾಲೆಯ ಪ್ರಾರ್ಥನೆ ಅದು. "ನಮ್ಮ ಅತ್ತೆ ಹೇಳಿಸುವುದು. ಆ ಹೊತ್ತಿಗೆ ಟಿವಿ ಹಾಕುವುದಿಲ್ಲ."

"ತೇರ್ಸ್ ಮುಗಿಸಿ ನೋಡ್ತೇನೆ ಎಂದು ಹೇಳಿ."

"ಅತ್ತೆಯ ತೇರ್ಸ್ ಮುಗಿಯುವಾಗ ನಿಮ್ಮ ಧಾರಾವಾಹಿಯೂ ಮುಗಿದಿರ್ತದೆ."

ಲೈಟಿನವರು ನಕ್ಕರು. ಟೀಚರ್ ಕೂಡ ಒಂದು ಕ್ಷಣ ನಕ್ಕರು, ಇದೆಲ್ಲ ಇಲ್ಲಿಗೆ ಮುಗಿಯಿತು ಎಂದುಕೊಂಡವರ ಹಾಗೆ. ಆಗ ಮ್ಯಾನೇಜರ್ ನನ್ನ ಕಡೆ ಕೈ ತೋರಿಸಿದರು. "ನೀವು ಇವಳನ್ನಾದರೂ ನೋಡಿ ಟೀಚರೇ. ಚಾನೆಲಿನವರು ಬ್ಯಾಂಡೇಜಿನ ಬಗ್ಗೆ ಕೇಳ್ತಾ ಇದ್ದಾರೆ. ನಿಮಗೆ ಸನ್ಮಾನ ಆಯಿತು, ನೀವು ಅವರದ್ದೇ ಪ್ರೇಕ್ಷಕರು ಎಂದಾದರೆ ಅದು ತಮಾಷೆಯಲ್ಲಿ ಹೋಗ್ತದೆ. ಕದ್ದ ವಿಡಿಯೊ ನೋಡಿ ಬರೆದ ಸೈಟನ್ನು ನೋಡಿ ಇವಳು ಕೆಲಸ ಮಾಡಿದಳು ಎಂದಾದರೆ, ಇವಳನ್ನು ಇಟ್ಟುಕೊಳ್ಳಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಟೀಚರ್ ನನ್ನನ್ನು ನೋಡಿದರು. ನಾನು ಏನನ್ನಾದರೂ ಹೇಳಬಹುದಾದ ಜಾಗ ಅದು. ಬೇಡ ಟೀಚರ್ ಎಂದು ಹೇಳಲು ಎರಡು ಶಬ್ದ ಸಾಕಿತ್ತು. ನಾನು ಶಾಲನ್ನು ನೋಡಿದೆ. ಸೆಕೆಗೆ ಅದು ಅವರ ಹೆಗಲಿನಿಂದ ಜಾರಿತ್ತು.

"ಸರಿ, ಹೇಳ್ತೇನೆ" ಎಂದರು ಟೀಚರ್.

ಮತ್ತೆ ತೆಗೆಯುವುದೆಂದರೆ ಮೊದಲಿನ ಹಾಗೆಯೇ ಕಾಣಬೇಕು, ಶಾಲು ಹೊದಿಸುವ ಭಾಗವನ್ನು ಆಗಲೇ ತೆಗೆದಾಗಿತ್ತು. ನಿರ್ದೇಶಕರು, "ಕಂಟಿನ್ಯೂಟಿ, ಶಾಲು ನೋಡಮ್ಮ" ಎಂದರು. ನಾನು ಹೋಗಿ ಶಾಲನ್ನು ಮಡಚಿ, ಕೆಂಪು ಅಂಚು ಎಡ ಹೆಗಲಿನ ಹೊರಗೆ ಬರುವಂತೆ, ಶಿಲುಬೆ ಅರ್ಧ ಮುಚ್ಚುವಂತೆ ಹೊದಿಸಿದೆ. ಮೊದಲು ಹಾಗಿತ್ತು. ನನ್ನ ಕೈ ತಾಗಿದಾಗ ಅವರ ಹೆಗಲು ಗಟ್ಟಿಯಾಗಿತ್ತು.

"ಕ್ಯಾಮೆರಾ ನೋಡ್ಬೇಡಿ ಟೀಚರ್, ಇವಳನ್ನ ನೋಡ್ಕೊಂಡು ಹೇಳಿ" ಎಂದರು ನಿರ್ದೇಶಕರು. ಟೀಚರಿಗೆ ನಾನು ಪರಿಚಿತ ಮುಖ ಎಂದು ಒಳ್ಳೆಯ ಉದ್ದೇಶದಿಂದಲೇ ಹೇಳಿದ್ದು.

ಮೊದಲ ಸಲ ಟೀಚರ್ "ಪ್ರತಿದಿನ ಎಂಟು ಗಂಟೆಗೆ" ಎಂದು ಹೇಳಿ ನಿಂತರು. ಎರಡನೆಯ ಸಲ ಪೂರ್ತಿ ಹೇಳಿದರು, ಆದರೆ ತಲೆ ಇಲ್ಲ ಎನ್ನುವಂತೆ ಅಲ್ಲಾಡುತ್ತಿತ್ತು. "ತಲೆ ಅಲ್ಲಾಡಿಸ್ಬೇಡಿ" ಎಂದರು ನಿರ್ದೇಶಕರು. ಎರಡು ಸಲವೂ ಅವರು ಸೆಕೆಯೆಂದು ಶಾಲು ಸರಿಸಿದರು, ಎರಡು ಸಲವೂ ನಾನು ಹೋಗಿ ಮೊದಲಿನ ಹಾಗೆಯೇ ಸರಿ ಮಾಡಿದೆ. ಅಂಚು ಹೊರಗೆ, ಶಿಲುಬೆ ಅರ್ಧ. ನನ್ನ ಕೆಲಸವನ್ನು ಅವತ್ತು ನಾನು ಒಂದು ಎಳೆಯಷ್ಟೂ ತಪ್ಪದೆ ಮಾಡಿದೆ. ಮೂರನೆಯ ಸಲ ಅವರು ನನ್ನ ಕಣ್ಣನ್ನು ನೇರವಾಗಿ ನೋಡಿ, ಸ್ವಲ್ಪ ನಕ್ಕು, "ಪ್ರತಿದಿನ ಎಂಟು ಗಂಟೆಗೆ ನಾವು ಮನೆಯವರೆಲ್ಲ ಒಟ್ಟಿಗೆ ಕುಳಿತು ಟಿವಿಯಲ್ಲಿ ನೋಡುತ್ತೇವೆ" ಎಂದರು. ಬಹಳ ಚೆನ್ನಾಗಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. "ನೀವು ಆ್ಯಕ್ಟಿಂಗಿಗೆ ಬರಬೇಕಿತ್ತು ಟೀಚರೇ!" ಎಂದರು ಮ್ಯಾನೇಜರ್.

ಬಸ್ಸು ಹತ್ತಿಸುವಾಗ ನಾನು ಥ್ಯಾಂಕ್ಸ್ ಎಂದೆ. "ಯಾಕೆ?" ಎಂದು ಕೇಳಿದರು. ನಿಜವಾಗಿ ಕೇಳಿದ ಪ್ರಶ್ನೆ ಅದು. ನಾನು ಹಣ್ಣಿನ ಚೀಲವನ್ನು ಅವರ ಕೈಗೆ ಕೊಟ್ಟೆ. ಅದನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತರು.

ವಿಡಿಯೊ ಹಾಕಿದ ಕೂಡಲೇ ಓಡಿತು. ಮೊದಲು ಹೊಗಳಿಕೆ. ಆಮೇಲೆ ಅವರ ಸೈಟನ್ನು ತುಂಬ ದಿನದಿಂದ ಓದುತ್ತಿದ್ದ ಯಾರೋ ಬರೆದರು: "ಟೀಚರ್, ನೀವೇ ನನಗೆ ಕನ್ನಡಿ ವಿಡಿಯೊ ಹೇಗೆ ಗುರುತಿಸುವುದು ಎಂದು ಹೇಳಿಕೊಟ್ಟವರು. ಈಗ ಟಿವಿಯಲ್ಲಾ?" ಅದರ ಕೆಳಗೆ, ಅವರ ಊರಿನವರೇ ಇರಬೇಕು, ಇನ್ನೊಬ್ಬರು: "ಎಂಟು ಗಂಟೆಗೆ ತೇರ್ಸ್ ಬಿಟ್ಟು ಸೀರಿಯಲ್? ಅಜ್ಜಿಗೆ ಗೊತ್ತುಂಟಾ?" ನಗುವ ಮುಖಗಳ ಸಾಲು. ಅಜ್ಜಿ ಎಂದರೆ ಅವರ ಅತ್ತೆ. ವಯಸ್ಸಾದ ಆ ಹೆಂಗಸಿಗೆ ಯಾರೋ ಅದನ್ನು ತೋರಿಸಿಯೇ ತೋರಿಸುತ್ತಾರೆ ಎಂದು ನಾನು ಫೋನು ಹಿಡಿದು ಕುಳಿತಲ್ಲಿಯೇ ಯೋಚಿಸಿದೆ. ಟೀಚರಿಗೆ ಫೋನು ಮಾಡಲಿಲ್ಲ. ಏನೆಂದು ಕೇಳುವುದು?

ಕೆಲವು ದಿನಗಳ ಮೇಲೆ ಸೈಟಿನ ತಪ್ಪುಗಳ ಪುಟದಲ್ಲಿ ಒಂದು ಹೊಸ ನಮೂದು ಬಂತು. ಬೇರೆಲ್ಲದರ ಹಾಗೆಯೇ ಬರೆದಿತ್ತು. "ಸನ್ಮಾನದ ವಿಡಿಯೊ. ಶಾಲು ಹೊದ್ದ ಹೆಂಗಸು ಪ್ರತಿದಿನ ಎಂಟು ಗಂಟೆಗೆ ಟಿವಿಯಲ್ಲಿ ನೋಡುತ್ತೇವೆ ಎನ್ನುತ್ತಾಳೆ. ಇದು ನಿಜವಲ್ಲ. ಆ ಹೊತ್ತಿಗೆ ಅವಳ ಮನೆಯಲ್ಲಿ ಪ್ರಾರ್ಥನೆ ಇರುತ್ತದೆ. ಅವಳು ನೋಡುವುದು ಮರುದಿನ, ಯಾರೋ ಕದ್ದು ಹಾಕಿದ ತುಣುಕುಗಳನ್ನು. ಬ್ಯಾಂಡೇಜಿನ ತಪ್ಪೂ ಅವಳದ್ದೇ."

ನನ್ನ ಹೆಸರಾಗಲಿ ಕೆಲಸವಾಗಲಿ ಅದರಲ್ಲಿ ಇರಲಿಲ್ಲ. ಹಾಗೆ ಹೇಳು ಎಂದವರು ಯಾರು ಎನ್ನುವುದೂ ಇರಲಿಲ್ಲ.

ಮ್ಯಾನೇಜರ್ ಅದನ್ನು ಕಂಡದ್ದು ಮರುದಿನ ಮಧ್ಯಾಹ್ನ, ಊಟದ ಹೊತ್ತಿಗೆ. ಅನ್ನದ ತಟ್ಟೆ ಬದಿಗಿಟ್ಟರು. ಈ ಸಲ ಜೋರಾಗಿ ಮಾತಾಡಲಿಲ್ಲ. "ಚಾನೆಲಿನವರು ಕಾಣುವ ಮೊದಲು ಆ ಸಾಲು ತೆಗೆಸು ಮಾರಾಯ್ತಿ. ನಿನ್ನ ಮಾತು ಅವರು ಕೇಳ್ತಾರೆ." ಸ್ವಲ್ಪ ಬಿಟ್ಟು, "ಇಲ್ಲದಿದ್ದರೆ ನಾನು ಎಂತ ಮಾಡ್ಲಿ ಹೇಳು" ಎಂದರು. ಅವರಿಗೂ ನಿಜವಾಗಿ ತಿಳಿದಿರಲಿಲ್ಲ.

ನಾನು ಹಿಂದಿನ ಬಾವಿಕಟ್ಟೆಯ ಹತ್ತಿರ ಹೋದೆ, ಅಲ್ಲಿ ನೆಟ್‌ವರ್ಕ್ ಸಿಗುತ್ತದೆ. ಟೀಚರ್ ಒಂದೇ ರಿಂಗಿಗೆ ಎತ್ತಿದರು. ಅತ್ತೆ ಹೇಗಿದ್ದಾರೆ ಎಂದು ಕೇಳಿದೆ. "ಮಾತಾಡುವುದಿಲ್ಲ. ತೇರ್ಸಿಗೆ ಮಾತ್ರ ಕರೀತಾರೆ" ಎಂದರು. ಆ ಸಾಲು ತೆಗೆಯಲು ಮ್ಯಾನೇಜರ್ ಹೇಳಿದ್ದಾರೆ ಎಂದೆ.

"ಅದರಲ್ಲಿ ತಪ್ಪು ಉಂಟಾ?"

"ಇಲ್ಲ ಟೀಚರ್."

"ನಿನಗೆ ತೊಂದರೆ ಉಂಟಾ?"

ಇಲ್ಲ ಎಂದು ಹೇಳಬಹುದಿತ್ತು. ಆಗ ಆ ಸಾಲು ಅಲ್ಲಿಯೇ ಉಳಿಯುತ್ತಿತ್ತು, ನನ್ನ ಕೆಲಸ ಉಳಿಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ. "ಉಂಟು" ಎಂದೆ.

"ಸರಿ" ಎಂದರು. "ಆದರೆ ಒಂದು ಸಾಲು ತೆಗೆದು ಉಳಿದದ್ದನ್ನು ಇಡಲಿಕ್ಕೆ ನನ್ನಿಂದ ಆಗುವುದಿಲ್ಲ ಮಗಳೇ. ನಿಜವಾದದ್ದನ್ನು ಒಮ್ಮೆ ತೆಗೆದ ಮೇಲೆ 'ನೋಡಿದ್ದನ್ನು ಮಾತ್ರ ಬರೆದಿದೆ' ಎನ್ನುವ ಮೇಲಿನ ಸಾಲು ಹೇಗೆ ಇಟ್ಟುಕೊಳ್ಳುವುದು? ಪೂರ್ತಿ ತೆಗೀತೇನೆ. ನೀನು ಬೇಜಾರು ಮಾಡಬೇಡ."

ಒಳಗಿನಿಂದ ನಿರ್ದೇಶಕರು ಕೂಗುತ್ತಿದ್ದರು, ನಿಶ್ಚಿತಾರ್ಥದ ದಿನ ಕಿರಿಸೊಸೆ ಉಟ್ಟದ್ದು ಯಾವ ಸೀರೆ, ಬೇಗ ನೋಡಮ್ಮ ಎಂದು. ಬೇಡ ಟೀಚರ್, ಯಾವುದನ್ನೂ ತೆಗೆಯಬೇಡಿ ಎಂದು ಹೇಳಲು ಆಗಲೂ ಹೊತ್ತಿತ್ತು. ನಾನು ಹೇಳಿದ್ದು ಇದು: "ಟೀಚರ್, ತೆಗೆಯುವ ಮೊದಲು ಸೀರೆಯ ಪುಟ ಒಂದು ನನಗೆ ಕಳುಹಿಸ್ತೀರಾ?"

ಆಚೆಯಿಂದ ಕುಕ್ಕರಿನ ಸೀಟಿ ಕೇಳಿಸಿತು. ಅದು ನಿಂತ ಮೇಲೆ ಟೀಚರ್ ಹೇಳಿದರು: "ಎಲ್ಲ ಕಳುಹಿಸ್ತೇನೆ."

ಸಂಜೆಯೊಳಗೆ ಬಂತು. ಸೀರೆಗಳು, ಮನೆ, ತಪ್ಪುಗಳು, ಎಲ್ಲ ಪುಟಗಳನ್ನೂ ಒಂದೇ ಫೈಲಿನಲ್ಲಿ ಕ್ರಮವಾಗಿ ಜೋಡಿಸಿದ್ದರು. ಜೊತೆಗೆ ಒಂದು ಮಾತೂ ಬರೆದಿರಲಿಲ್ಲ. ಮರುದಿನ ಸೈಟು ತೆರೆಯಲಿಲ್ಲ.

ಈಗ ಚಿತ್ರೀಕರಣವಿರುವ ಎಲ್ಲ ದಿನವೂ ನಾನು ಆ ಫೈಲನ್ನು ತೆರೆಯುತ್ತೇನೆ. ಅವರ ಕೊನೆಯ ಸಾಲಿನ ಕೆಳಗೆ ನಾನೇ ಬರೆಯುತ್ತಾ ಬಂದಿದ್ದೇನೆ: ಬಣ್ಣ, ಅಂಚು, ಬಳೆ, ಯಾವ ಕೈ. ನೆಟ್‌ವರ್ಕ್ ಇಲ್ಲದಿದ್ದರೂ ಅದು ತೆರೆದುಕೊಳ್ಳುತ್ತದೆ ಎಂದು ಎಲ್ಲರಿಗೂ ಸಮಾಧಾನ. ಚಾನೆಲಿನಿಂದ ಬಂದ ಒಬ್ಬರಿಗೆ ಮ್ಯಾನೇಜರ್ ಅದನ್ನು ತೋರಿಸಿ, "ಇದು ನಮ್ಮ ಹುಡುಗಿಯ ಫೈಲು, ಎಷ್ಟು ನೀಟಾಗಿ ಇಟ್ಟಿದ್ದಾಳೆ ನೋಡಿ" ಎಂದರು. ಬಂದವರು ನನ್ನ ಕಡೆ ತಿರುಗಿ ಒಳ್ಳೆಯ ಕೆಲಸ ಎಂದರು. ನಾನು ತಲೆಯಾಡಿಸಿದೆ.